ಬಂದೂಕು ತೆಗೆದರೆ ಉಳಿಯುವ ಮನೆ

ಕಳೆದ ವರ್ಷ ಬೆಂಗಳೂರಿನ ಕಾಲೇಜೊಂದರಲ್ಲಿ ನಡೆದ ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ಒಂದು ಕಂಪ್ಯೂಟರ್ ಆಟದ ಮುಂದೆ ಅರ್ಧ ಗಂಟೆ ಕುಳಿತಿದ್ದೆ. ಪರದೆಯ ಮೇಲಿದ್ದದ್ದು ಚಾಮರಾಜಪೇಟೆಯ ಕಡೆ ಅಲ್ಲೊಂದು ಇಲ್ಲೊಂದು ಉಳಿದಿರುವಂಥ ವಠಾರ. ನಡುವೆ ಅಂಗಳ, ಅಂಗಳದಲ್ಲೊಂದು ನಲ್ಲಿ, ಸುತ್ತ ಆರು ಬಾಗಿಲು. ತೀರಿಹೋದ ಅಜ್ಜಿಯ ಬೀಗದ ಕೈ ಗೊಂಚಲು ಆಡುವವರ ಕೈಯಲ್ಲಿರುತ್ತದೆ. ಯಾವ ಬೀಗದ ಕೈ ಯಾವ ಬಾಗಿಲಿನದು ಎಂದು ಪತ್ತೆ ಹಚ್ಚುತ್ತ ಹೋಗಬೇಕು. ಮೊದಲ ಬಾಗಿಲು ತೆರೆದರೂ ನನಗೆ ಒಳಗೆ ಹೋಗಲಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗಿ, ಆಟ ಕಟ್ಟಿದವಳೇ, “ಬಗ್ಗಿ ಹೋಗಬೇಕು ಸರ್, ಹಳೆಯ ಮನೆ” ಎಂದಳು. ಕೀಲಿಮಣೆಯಲ್ಲಿ ಬಗ್ಗುವ ಕೀಲಿ ಒತ್ತಿದೆ. ಒಳಗೆ ಹೋದೆ.

ಆ ಕೀಲಿ ಅಲ್ಲಿಗೆ ಬಂದದ್ದು ಹಳೆಯ ಮನೆಯ ಮರ್ಯಾದೆಗಾಗಿ ಅಲ್ಲ, ಗುಂಡಿನಿಂದ ತಪ್ಪಿಸಿಕೊಳ್ಳುವುದಕ್ಕಾಗಿ. ಅವಳು ಆಟ ಕಟ್ಟಿದ್ದು 1998ರ ‘ಹಾಫ್ ಲೈಫ್’ ಎಂಬ ಶೂಟರ್ ಆಟದ, ಅಂದರೆ ಗುಂಡು ಹಾರಿಸುವ ಆಟದ, ಎಂಜಿನ್ ಮೇಲೆ. ದೃಶ್ಯ, ನಡಿಗೆ, ಸದ್ದುಗಳನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಮ್‌ಗೆ ಎಂಜಿನ್ ಎನ್ನುತ್ತಾರೆ. ಅದರ ಲೆಕ್ಕದಲ್ಲಿ ನಿಂತ ಮನುಷ್ಯನ ಎತ್ತರ 72 ಯೂನಿಟ್, ಬಗ್ಗಿದರೆ 36. ಅವಳು ಬಾಗಿಲನ್ನು 64ಕ್ಕೆ ಇಳಿಸಿದ್ದಳು. ಹೊಸ್ತಿಲಿಗೆ ಇನ್ನೂ ಹೆಚ್ಚು ತಲೆ ಕೆಡಿಸಿಕೊಂಡಿದ್ದಳು. ಈ ಎಂಜಿನ್‌ನಲ್ಲಿ 18 ಯೂನಿಟ್‌ವರೆಗಿನ ಮೆಟ್ಟಿಲನ್ನು ಆಟಗಾರ ತಾನಾಗಿ ಹತ್ತುತ್ತಾನೆ, ಅದಕ್ಕಿಂತ ಎತ್ತರವಾದರೆ ಜಿಗಿಯಬೇಕು. ಹೊಸ್ತಿಲು 20 ಇದ್ದಾಗ ಎಲ್ಲರೂ ಕಪ್ಪೆಯಂತೆ ಕುಪ್ಪಳಿಸಿ ಒಳಗೆ ಬರುತ್ತಿದ್ದರಂತೆ. 8 ಇದ್ದಾಗ ಹೊಸ್ತಿಲು ಇದೆಯೆಂದೇ ಯಾರಿಗೂ ತಿಳಿಯುತ್ತಿರಲಿಲ್ಲ. ಕೊನೆಗೆ 16ಕ್ಕೆ ನಿಲ್ಲಿಸಿದಳು. ದಾಟುವಾಗ ಕಣ್ಣಿನ ಮಟ್ಟ ಒಮ್ಮೆ ಎದ್ದು ಇಳಿಯುತ್ತದೆ. ಅಷ್ಟು ಸಾಕು, ಮನೆಯೊಳಗೆ ಬಂದೆವು ಎನ್ನುವುದು ಮೈಗೆ ತಿಳಿಯುತ್ತದೆ.

ಕೊಲ್ಲುವ ಆಟಕ್ಕಾಗಿ ಮಾಡಿದ ಯಂತ್ರ ಅಜ್ಜಿಯ ಮನೆಯನ್ನು ಇಷ್ಟು ಚೆನ್ನಾಗಿ ಹೇಗೆ ಬಲ್ಲದು? ಈ ಕಥೆ ಶುರುವಾಗುವುದು 1993ರಲ್ಲಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ‘ಮಿಸ್ಟ್’ ಬಂತು. ನಿರ್ಜನ ದ್ವೀಪವೊಂದನ್ನು ನಿಧಾನವಾಗಿ ನೋಡುತ್ತ, ಒಗಟು ಬಿಡಿಸುತ್ತ ಹೋಗುವ ಅಡ್ವೆಂಚರ್ ಆಟ ಅದು. ಆದರೆ ಅದರ ದ್ವೀಪ ಮೊದಲೇ ಬಿಡಿಸಿಟ್ಟ ಚಿತ್ರಗಳ ಸಾಲು. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗಬಹುದೇ ಹೊರತು ನಡೆಯಲು ಆಗುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಅಮೆರಿಕದ ಐಡಿ ಸಾಫ್ಟ್‌ವೇರ್ ‘ಡೂಮ್’ ಬಿಡುಗಡೆ ಮಾಡಿತು. ಅದರಲ್ಲಿ ಒಗಟು ಕಡಿಮೆ, ರಕ್ತ ಹೆಚ್ಚು. ಆದರೆ ಓಣಿ, ಮೆಟ್ಟಿಲು, ಕಿಟಕಿಗಳ ನಡುವೆ ನಮ್ಮ ಕಾಲಿನ ಓಟಕ್ಕೆ ತಕ್ಕಂತೆ ದೃಶ್ಯ ಬದಲಾಗುತ್ತಿತ್ತು. ನೋಡುವ ಸುಖ ಒಂದು ಆಟದಲ್ಲಿ, ನಡೆಯುವ ಸುಖ ಇನ್ನೊಂದರಲ್ಲಿ. ಇವೆರಡನ್ನು ಒಂದೆಡೆ ತಂದವರಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು.

ಅದಕ್ಕೆ ದಾರಿ ಮಾಡಿಕೊಟ್ಟದ್ದು ಡೂಮ್‌ನ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅವರ ಒಂದು ತೀರ್ಮಾನ. ಅವರ ಹಿಂದಿನ ಆಟ ‘ವುಲ್ಫೆನ್‌ಸ್ಟೈನ್ 3ಡಿ’ಯ ಕಡತಗಳನ್ನು ಆಟಗಾರರು ತಾವೇ ಬಗೆದು ಚಿತ್ರ, ನಕ್ಷೆಗಳನ್ನು ಬದಲಿಸಿಕೊಂಡಿದ್ದರು. ಇನ್ನೊಬ್ಬರಾಗಿದ್ದರೆ ಮುಂದಿನ ಆಟಕ್ಕೆ ದೊಡ್ಡ ಬೀಗ ಜಡಿಯುತ್ತಿದ್ದರು. ಕಾರ್ಮ್ಯಾಕ್ ಬಾಗಿಲು ತೆರೆದಿಟ್ಟರು. ನಕ್ಷೆ, ಚಿತ್ರ, ಸದ್ದುಗಳನ್ನು ಎಂಜಿನ್‌ನಿಂದ ಬೇರ್ಪಡಿಸಿ ‘ವ್ಯಾಡ್’ ಎಂಬ ಪ್ರತ್ಯೇಕ ಕಡತದಲ್ಲಿಟ್ಟರು. ಎಂಜಿನ್ ಮುಟ್ಟದೆಯೇ ಒಳಗಿನ ಲೋಕವನ್ನೆಲ್ಲ ಬದಲಿಸಬಹುದಾಯಿತು. 1994ರ ಆರಂಭದಲ್ಲೇ ಹವ್ಯಾಸಿಗಳು ನಕ್ಷೆ ಬರೆಯುವ ಸಾಧನಗಳನ್ನು ಸಿದ್ಧಮಾಡಿದರು. ಐಡಿಯದೇ 1996ರ ಆಟ ‘ಕ್ವೇಕ್’ನಲ್ಲಿ ಆಟದ ನಿಯಮಗಳನ್ನೂ ತಿದ್ದಲು ಸಾಧ್ಯವಾಯಿತು. ಇಂಥ ಮಾರ್ಪಾಡಿಗೆ ಆಟಗಾರರು ಇಟ್ಟ ಹೆಸರು ‘ಮಾಡ್’. ನಮ್ಮ ಕಿವಿಗೆ ಅದು ‘ಮಾಡು’ ಎಂದೇ ಕೇಳುತ್ತದೆ, ಅರ್ಥವೂ ದೂರವೇನಲ್ಲ.

ಕ್ವೇಕ್‌ನ ಎಂಜಿನ್ ಮೇಲೆಯೇ ವಾಲ್ವ್ ಕಂಪನಿ ಹಾಫ್ ಲೈಫ್ ಕಟ್ಟಿತು. ಅದರ ಆರಂಭದಲ್ಲಿ ಬಂದೂಕೇ ಇಲ್ಲ. ಕೆಲವು ನಿಮಿಷಗಳ ಕಾಲ ಆಟಗಾರ ಒಂದು ರೈಲಿನೊಳಗೆ ನಿಂತು, ಹೊರಗೆ ಸರಿಯುವ ಪ್ರಯೋಗಾಲಯವನ್ನು ನೋಡುತ್ತಾನೆ, ಅಷ್ಟೇ. ಶೂಟರ್ ಆಟವೊಂದು ಕಥೆ ಹೇಳಲು ಇಷ್ಟು ಹೊತ್ತು ಸುಮ್ಮನಿರಬಹುದೆಂದು ಅನೇಕರಿಗೆ ಮನದಟ್ಟಾದದ್ದು ಆಗ. ನಕ್ಷೆ ಕಟ್ಟುವ ಸಾಧನವನ್ನೂ ಆಟದ ಸಿ.ಡಿ.ಯಲ್ಲೇ ಕೊಟ್ಟಿದ್ದರು.

ಆ ಸಾಧನದಲ್ಲಿ ‘ಟ್ರಿಗರ್’ ಎಂಬುದೊಂದಿದೆ. ಕಣ್ಣಿಗೆ ಕಾಣದ ಒಂದು ಪೆಟ್ಟಿಗೆ ಅದು. ಆಟಗಾರ ಅದರೊಳಗೆ ಕಾಲಿಟ್ಟ ಕೂಡಲೇ ಏನಾದರೂ ಆಗುವಂತೆ ಮಾಡಬಹುದು. ಶೂಟರ್‌ನಲ್ಲಿ ಮರೆಯಲ್ಲಿದ್ದ ಶತ್ರು ಎದ್ದು ಬರುವುದು ಇದರಿಂದ. ವಠಾರದ ಆಟದಲ್ಲಿ ಅಡುಗೆಮನೆಗೆ ಕಾಲಿಟ್ಟರೆ ಪಕ್ಕದ ಮನೆಯ ರೇಡಿಯೋ ಶುರುವಾಗುತ್ತದೆ, ಅದೂ ಇದರಿಂದಲೇ. ಬಾಗಿಲು, ಒತ್ತುವ ಗುಂಡಿ, ಟ್ರಿಗರ್, ಈ ಮೂರನ್ನು ಜೋಡಿಸಲು ಕಲಿತ ವಿದ್ಯಾರ್ಥಿ ಒಂದು ಸಾಲು ಪ್ರೋಗ್ರಾಮ್ ಬರೆಯದೆ ಒಗಟು ಕಟ್ಟಬಲ್ಲ. ಬೆಳಕು, ಗೋಡೆ, ನಡಿಗೆ, ಸದ್ದು ಎಲ್ಲವನ್ನೂ ಎಂಜಿನ್ ನೋಡಿಕೊಳ್ಳುತ್ತದೆ. ಒಂದು ಸೆಮಿಸ್ಟರ್‌ನಲ್ಲಿ ಆಟ ಮುಗಿಸಬೇಕಾದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಬೆಂಗಳೂರಿಗೆ ಮಾಡ್‌ಗಳು ಬಂದದ್ದು ಸೈಬರ್ ಕೆಫೆಗಳ ಮೂಲಕ. 2000ದ ಆಸುಪಾಸಿನಲ್ಲಿ ಗಾಂಧಿ ಬಜಾರ್, ಜಯನಗರಗಳ ಮಹಡಿ ಮೇಲಿನ ಇಕ್ಕಟ್ಟು ಕೋಣೆಗಳಲ್ಲಿ ಸಂಜೆಯಾದರೆ ‘ಕೌಂಟರ್ ಸ್ಟ್ರೈಕ್’ ನಡೆಯುತ್ತಿತ್ತು. ಅದು ಹಾಫ್ ಲೈಫ್‌ನ ಮಾಡ್. 1999ರಲ್ಲಿ ಅದನ್ನು ಮಾಡಿದ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಆಗ ಕಾಲೇಜು ವಿದ್ಯಾರ್ಥಿಗಳು. ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಆಡುತ್ತಿದ್ದ ನಮಗೆ ಇದನ್ನು ನಮ್ಮಂಥವರೇ ಕಟ್ಟಿದ್ದಾರೆ ಎನ್ನುವುದು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಆ ಕೋಣೆಗಳಲ್ಲಿ ಒಬ್ಬಿಬ್ಬರಾದರೂ ಆಡುವುದನ್ನು ಬಿಟ್ಟು ಕಟ್ಟಲು ಕೂರುತ್ತಿದ್ದರೆಂದು ನನಗೆ ಈಗಲೂ ಅನ್ನಿಸುತ್ತದೆ.

ಬಂದೂಕನ್ನು ಪೂರ್ತಿ ಕೆಳಗಿಡುವ ಪ್ರಯತ್ನಗಳು ಆಮೇಲಿನವು. ಆಸ್ಟ್ರೇಲಿಯಾದಲ್ಲಿ ನಿರಾಶ್ರಿತರನ್ನು ಕೂಡಿಹಾಕಿದ್ದ ಕೇಂದ್ರವೊಂದರ ಬದುಕನ್ನು ಹಾಫ್ ಲೈಫ್ ಎಂಜಿನ್‌ನಲ್ಲಿ ತೋರಿಸಲು ಹೊರಟ ‘ಎಸ್ಕೇಪ್ ಫ್ರಮ್ ವೂಮೆರಾ’ಕ್ಕೆ 2003ರಲ್ಲಿ ಅಲ್ಲಿನ ಸರ್ಕಾರಿ ಕಲಾ ಮಂಡಳಿ 25,000 ಡಾಲರ್ ಕೊಟ್ಟಿತು, ಅದು ಅಲ್ಲಿನ ಮಂತ್ರಿಯ ಸಿಟ್ಟಿಗೂ ಕಾರಣವಾಯಿತು. 2008ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಡ್ಯಾನ್ ಪಿಂಚ್‌ಬೆಕ್ ಸಂಶೋಧನೆಯ ಭಾಗವಾಗಿ ‘ಡಿಯರ್ ಎಸ್ತರ್’ ರೂಪಿಸಿದರು. ಒಂದು ದ್ವೀಪ, ಒಬ್ಬನ ನಡಿಗೆ, ತುಂಡು ತುಂಡಾಗಿ ಕೇಳಿಬರುವ ಪತ್ರ. ಗುಂಡಿಲ್ಲ, ಒಗಟೂ ಇಲ್ಲ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಧೈರ್ಯದ ಕೆಲಸ ಇದು. 2011ರಲ್ಲಿ ‘ದಿ ಸ್ಟ್ಯಾನ್ಲಿ ಪ್ಯಾರಬಲ್’ ಎಂಬ ಮಾಡ್ ಹೊರತಂದ ಡೇವಿ ರೀಡನ್ ಅದನ್ನು ಕಟ್ಟುತ್ತಿದ್ದಾಗ ಕಾಲೇಜಿನಲ್ಲಿದ್ದರು. ಇವೆರಡೂ ಮುಂದೆ ಸ್ವತಂತ್ರ ಆಟಗಳಾಗಿ ಮಾರಾಟವಾದವು.

ನಮ್ಮಲ್ಲಿ ಉದ್ಯಮ ಇರಲಿಲ್ಲವೆಂದಲ್ಲ. ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ ಬೆಂಗಳೂರಿನಲ್ಲಿ 1997ರಲ್ಲೇ ಶುರುವಾಗಿತ್ತು. ಆದರೆ ಇಲ್ಲಿ ಬಹುಕಾಲ ಹೆಚ್ಚಾಗಿ ನಡೆದದ್ದು ಹೊರದೇಶದ ಆಟಗಳಿಗೆ ಕಾರು, ಕಟ್ಟಡ, ಮರಗಿಡ ಮಾಡಿಕೊಡುವ ಕೆಲಸ. ಕಸುಬು ಬೆಳೆಯಿತು, ನಮ್ಮ ಬೀದಿ ಪರದೆಗೆ ಬರಲಿಲ್ಲ. 2012ರಲ್ಲಿ ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ನೀತಿ ತಂದಿತು. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್‌ನಲ್ಲಿ ಆಟದ ವಿನ್ಯಾಸ ಕಲಿಸುವ ಸ್ನಾತಕೋತ್ತರ ಕೋರ್ಸ್ ಬಂತು. 2015ರಲ್ಲಿ ಅನ್‌ರಿಯಲ್ ಎಂಜಿನ್ ಉಚಿತವಾದ ಮೇಲೆ ಶೂಟರ್ ಒಂದನ್ನು ಕೊಂಡು ಅದನ್ನೇ ಬಗೆಯುವ ಅಗತ್ಯವೂ ತಗ್ಗಿತು. ಅನ್‌ರಿಯಲ್ ಕೂಡ 1998ರ ಶೂಟರ್ ಆಟವೊಂದರ ಹೊಟ್ಟೆಯಲ್ಲಿ ಹುಟ್ಟಿದ್ದೇ.

ಕನ್ನಡದ ವಿದ್ಯಾರ್ಥಿಗೆ ಮಾತ್ರ ಒಂದು ತೊಡಕು ಕೊನೆಯವರೆಗೂ ಬೆನ್ನು ಬಿಡಲಿಲ್ಲ. ಅದು ಅಕ್ಷರ. ಕ್ವೇಕ್‌ನಲ್ಲಿ ಅಕ್ಷರಗಳೆಲ್ಲ 128×128 ಚುಕ್ಕಿಗಳ ಒಂದೇ ಚಿತ್ರದೊಳಗಿವೆ. 256 ಮನೆ, ಮನೆಗೊಂದು ಅಕ್ಷರ. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಕಂಪ್ಯೂಟರ್‌ನಲ್ಲಿ ಆರು ಸಂಕೇತಗಳು ಬೇಕು, ಒತ್ತುಗಳು ಕೆಳಗೆ ಇಳಿಯಬೇಕು, ದೀರ್ಘ ಪಕ್ಕದಲ್ಲಿ ಕೂರಬೇಕು. ಮನೆಗೊಂದು ಅಕ್ಷರ ಎನ್ನುವ ಲೆಕ್ಕಕ್ಕೆ ಇದು ಒಗ್ಗುವುದೇ ಇಲ್ಲ. ಬಹಳ ಈಚಿನ ಎಂಜಿನ್‌ಗಳಲ್ಲೂ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುವುದನ್ನು ಕಂಡಿದ್ದೇನೆ. ಮುಕ್ತ ಎಂಜಿನ್ ಗೋಡೋ 2023ರ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಇಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ತಂದಿತು. ಡೂಮ್ ಬಂದು ಮೂವತ್ತು ವರ್ಷವಾಗುತ್ತ ಬಂದಿತ್ತು.

ವಠಾರದ ಆಟ ಕಟ್ಟಿದವಳು ಅದರ ಮೊರೆ ಹೋಗಲಿಲ್ಲ. ಹಾಫ್ ಲೈಫ್‌ನ ಅಕ್ಷರಗಳನ್ನು ಕೈಬಿಟ್ಟು, ಆಟದಲ್ಲಿ ಓದಬೇಕಾದದ್ದನ್ನೆಲ್ಲ ಚಿತ್ರವಾಗಿಸಿ ಗೋಡೆಗೆ, ಡಬ್ಬಿಗಳಿಗೆ ಅಂಟಿಸಿದ್ದಳು. ಅಜ್ಜಿ ಪ್ರತಿ ಬೀಗದ ಕೈಗೂ ಒಂದೊಂದು ರಟ್ಟಿನ ಚೂರು ಕಟ್ಟಿರುತ್ತಾಳೆ. ‘ಉಗ್ರಾಣ’, ‘ಬಚ್ಚಲು’, ‘ಮೇಷ್ಟ್ರ ಮನೆ’. ಆ ಬರಹ ಯಾರದೆಂದು ಕೇಳಿದೆ. ಅವಳ ದೊಡ್ಡಮ್ಮನದಂತೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿ ಸ್ಕ್ಯಾನ್ ಮಾಡಿಸಿದ್ದಳು. ‘ಮೇಷ್ಟ್ರ’ದ ಒತ್ತುಗಳು ಒಂದರ ಕೆಳಗೊಂದು, ಇರಬೇಕಾದಲ್ಲೇ ಇದ್ದವು.