ಓದುಗರ ಪ್ರಶ್ನೆ: ಪಿಎಚ್‌ಡಿಗೆ ವಿಭಾಗದ ಮುಖ್ಯಸ್ಥರೇ ಗೈಡ್ ಆಗಬೇಕಾ?

"ಸರ್, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರ ಎಂಎ ಮುಗಿಸಿದ್ದೇನೆ. ಪಿಎಚ್‌ಡಿ ಬೇಕಾದರೆ ಮುಖ್ಯಸ್ಥರನ್ನೇ ಹಿಡಿಯಬೇಕಂತೆ, ಹೌದಾ?"

ಇಲ್ಲ. ಪ್ರತಿ ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊನ್ನೆ ಕೆ.ಆರ್.ಪೇಟೆ ಕಡೆಯ ಹುಡುಗಿಯೊಬ್ಬಳು ಮುಖ್ಯಸ್ಥರ ಕೋಣೆಯ ಮುಂದೆ ಬೆಳಿಗ್ಗೆಯಿಂದ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಒಳಗೆ ಮಾರ್ಕ್ಸ್ ಕಾರ್ಡು. ಅವಳ ವಿಷಯ ಗ್ರಾಮ ಪಂಚಾಯಿತಿಯಲ್ಲಿ ಮಹಿಳಾ ಸದಸ್ಯರು. ಅದರಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ ಮೇಡಂ ಎರಡು ಬಾಗಿಲು ಆಚೆ ಸುಮ್ನೆ ಕೂತು ಓದುತ್ತಿದ್ದರು. "ಅವರು ಬರೀ ಅಸಿಸ್ಟೆಂಟ್ ಪ್ರೊಫೆಸರ್ ಅಲ್ವಾ ಸರ್?" ಅಂದಳು. ನನಗೆ ನಿಜಕ್ಕೂ ಬೇಜಾರಾಯಿತು.

ಹುದ್ದೆಗಳು ಮೂರು: ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ. ಮುಖ್ಯಸ್ಥರ ಕುರ್ಚಿ ಸರದಿ ಮೇಲೆ ಬರುವಂಥದ್ದು. ಸರದಿ ಮುಗಿದರೆ ಅವರೂ ತಮ್ಮ ಹಳೇ ಕೋಣೆಗೆ ಬಂದು ಎಂದಿನಂತೆ ಪಾಠ ಮಾಡುತ್ತಾರೆ. ನಿಮ್ಮ ಪಿಎಚ್‌ಡಿಗೆ ಕಡಿಮೆ ಅಂದರೂ 3 ವರ್ಷ ಬೇಕು. ಅಷ್ಟರಲ್ಲಿ ಆ ಕುರ್ಚಿಗೆ ಬೇರೆಯವರು ಬಂದಿರಬಹುದು. ಟೈಮ್‌ಟೇಬಲ್, ಮೀಟಿಂಗು, ವಿವಿಯ ಆಡಳಿತ ಕಚೇರಿ ಕ್ರಾಫರ್ಡ್ ಹಾಲ್‌ಗೆ ಹೋಗುವ ಫೈಲುಗಳು, ಮುಖ್ಯಸ್ಥರ ಹೆಚ್ಚುವರಿ ಹೊರೆ ಇಷ್ಟೇ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮ ನೋಡಿ. ಪ್ರಾಧ್ಯಾಪಕರು ಒಂದು ಹೊತ್ತಿಗೆ 8 ಸಂಶೋಧಕರನ್ನು ತಗೋಬಹುದು, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4. ಅಂದರೆ "ಬರೀ ಅಸಿಸ್ಟೆಂಟ್" ಅನ್ನಿಸಿಕೊಂಡವರೂ ಅರ್ಹತೆ ಇದ್ದರೆ ಗೈಡ್ ಆಗಬಹುದು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಸರ್ವೀಸ್ ಉಳಿದವರು ಹೊಸಬರನ್ನು ತಗೊಳ್ಳುವ ಹಾಗಿಲ್ಲ. ನೀವು ಕಾದು ಕೂತ ಹಿರಿಯರೇ ಆ ಸಾಲಿನಲ್ಲಿದ್ದರೆ? ಮೊದಲು ನಿಮ್ಮ ವಿಷಯ ಯಾರದ್ದು ಅಂತ ನೋಡಿ. ಅವರು ಬರೆದದ್ದು ಒಂದೆರಡು ಓದಿಕೊಂಡು ಹೋಗಿ. ಬಾಗಿಲ ಮೇಲಿನ ಬೋರ್ಡ್ ನೋಡಿ ಹೋಗಬೇಡಿ.

ಪ್ರವೇಶ ಪರೀಕ್ಷೆ, ಸಂದರ್ಶನದ ವಿವರ ಅಧಿಸೂಚನೆಯಲ್ಲೇ ಇರುತ್ತದೆ, ಅಲ್ಲೇ ಓದಿ.

ಹಾಗಾದರೆ ಅತಿಥಿ ಉಪನ್ಯಾಸಕರು? ಇದನ್ನು ಯಾರೂ ಕೇಳಲ್ಲ, ಆದರೂ ಹೇಳುತ್ತೇನೆ. ಕಾಯಂ ಹುದ್ದೆ ಇಲ್ಲದ ಕಾರಣ ಅವರು ಗೈಡ್ ಆಗಲಾರರು. ಆದರೆ ಎಷ್ಟೋ ಪೇಪರುಗಳ ಪಾಠದ ಭಾರ ಹೊತ್ತಿರುವವರು ಅವರೇ. ನಿಮ್ಮ ಪ್ರಸ್ತಾವನೆಯನ್ನು ಸಾಲು ಸಾಲಾಗಿ ತಿದ್ದಿಕೊಡುವವರು ಅವರಲ್ಲಿ ಸಿಗುತ್ತಾರೆ. ಅವರನ್ನೂ ಮೇಷ್ಟ್ರೇ ಅಂತಲೇ ಕರೆಯಿರಿ. ಆಫೀಸಿನ ಗುಮಾಸ್ತರು, ಅಟೆಂಡರ್ ಅವರ ಹೆಸರೂ ಕೇಳಿಕೊಳ್ಳಿ. ಯಾವ ಅರ್ಜಿಗೆ ಎಷ್ಟು ಜೆರಾಕ್ಸ್, ಯಾವ ಚಲನ್ ಎಲ್ಲಿ ಕಟ್ಟಬೇಕು, ಸೀಲು ಯಾರ ಹತ್ತಿರ ಇದೆ ಅನ್ನೋದು ಅವರಿಗೆ ಬಾಯಿಪಾಠ.