ಬಾಯಿಗೆ ಹಾಕಲಾಗದ ಸಕ್ಕರೆ

ಶುಗರ್ ಲೋ ಆಗಿ ಪ್ರಜ್ಞೆ ತಪ್ಪಿದವರಿಗೆ ಬೇಕಾದದ್ದು ಸಕ್ಕರೆ. ಇದು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹುಟ್ಟಿದಾಗಲೇ ಗೊತ್ತಿತ್ತು. 1921–22ರ ಚಳಿಗಾಲದಲ್ಲಿ ಟೊರೊಂಟೊದಲ್ಲಿ ವಿಜ್ಞಾನಿ ಜೇಮ್ಸ್ ಕಾಲಿಪ್ ಮೊಲಗಳಿಗೆ ಇನ್ಸುಲಿನ್ ಚುಚ್ಚಿ ಅದರ ಶಕ್ತಿ ಅಳೆಯುತ್ತಿದ್ದರು. ಡೋಸ್ ಜಾಸ್ತಿಯಾದರೆ ಮೊಲಕ್ಕೆ ಫಿಟ್ಸ್ ಬರುತ್ತಿತ್ತು, ಪ್ರಜ್ಞೆ ಹೋಗುತ್ತಿತ್ತು. ಗ್ಲೂಕೋಸ್ ಚುಚ್ಚಿದರೆ ಚೇತರಿಸಿಕೊಳ್ಳುತ್ತಿತ್ತು.

ಮದ್ದೇನೋ ಸಿಕ್ಕಿತು, ಒಳಗೆ ಕಳಿಸೋದು ಹೇಗೆ? ಪ್ರಜ್ಞೆ ಇಲ್ಲದವರು ನುಂಗಲಾರರು. ಬಾಯಿಗೆ ಸಕ್ಕರೆ ನೀರು ಹೊಯ್ದರೆ ಶ್ವಾಸಕೋಶಕ್ಕೆ ಇಳಿಯಬಹುದು. ಗಾಬರಿಯಲ್ಲಿ ಜನ ಇವತ್ತಿಗೂ ಅದನ್ನೇ ಮಾಡಿಬಿಡುತ್ತಾರೆ, ಪಾಪ.

ಹಾಗಾಗಿ ಉಳಿದದ್ದು ರಕ್ತನಾಳದ ದಾರಿ. ಶೇ. 50ರ ಡೆಕ್ಸ್‌ಟ್ರೋಸ್ (ಗ್ಲೂಕೋಸ್‌ನ ಇನ್ನೊಂದು ಹೆಸರು), 50 ಮಿ.ಲೀ. ಅಂದರೆ 25 ಗ್ರಾಂ ಸಕ್ಕರೆ. ಕೆಲವೇ ನಿಮಿಷಗಳಲ್ಲಿ ರೋಗಿ ಕಣ್ಣು ಬಿಡುತ್ತಾರೆ. ಆದರೆ ಅದು ಬಲು ಗಟ್ಟಿ ದ್ರವ. ಸೂಜಿ ಜಾರಿ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಹಾಳಾಗುತ್ತದೆ. ಅದಕ್ಕೇ ಈಗ ಹಲವು ಕಡೆ ಶೇ. 10ರದ್ದನ್ನೇ ಏರಿಸುತ್ತಾರೆ, ಎಚ್ಚರವಾದ ಕೂಡಲೇ ನಿಲ್ಲಿಸಬಹುದು.

ಆದರೂ ನಾಳ ಹುಡುಕಲು ತರಬೇತಿ ಪಡೆದವರೇ ಬೇಕು, ಅಲ್ವಾ? ಮನೆಯವರು ಏನು ಮಾಡಬೇಕು? ಇದಕ್ಕೆ ಉತ್ತರ ತಡವಾಗಿ ಬಂತು. 1923ರಲ್ಲಿ ಕಿಂಬಲ್ ಮತ್ತು ಮರ್ಲಿನ್ ಎಂಬ ವಿಜ್ಞಾನಿಗಳು ಮೇದೋಜೀರಕ ಗ್ರಂಥಿಯ ಸಾರದಲ್ಲಿ ಸಕ್ಕರೆ ಏರಿಸುವ ಹಾರ್ಮೋನ್ ಗ್ಲುಕಗಾನ್ ಗುರುತಿಸಿದರು. ಬಹಳ ಕಾಲ ಅದನ್ನು ಇನ್ಸುಲಿನ್‌ಗೆ ಸೇರಿಕೊಂಡ ಕಲಬೆರಕೆ ಅಂತಲೇ ನೋಡಲಾಯಿತು. ಶುದ್ಧವಾಗಿ ಕೈಗೆ ಸಿಕ್ಕಿದ್ದು 1953ರಲ್ಲಿ. ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆದದ್ದು 1960ರಲ್ಲಿ.

ಇದನ್ನು ತೊಡೆಗೆ ಚುಚ್ಚಿದರೆ ಸಾಕು, ಲಿವರ್ ತನ್ನಲ್ಲಿಟ್ಟ ಸಕ್ಕರೆ ಬಿಡುತ್ತದೆ. ತೊಂದರೆ ಇದ್ದದ್ದು ಕಿಟ್‌ನಲ್ಲಿ. ನೀರಿನಲ್ಲಿ ಕರಗಿಸಿಟ್ಟರೆ ಗ್ಲುಕಗಾನ್ ಬಾಳುವುದಿಲ್ಲ. ಹಾಗಾಗಿ ಪುಡಿ ಬೇರೆ, ನೀರು ಬೇರೆ. ಸಿರಿಂಜಿನ ನೀರನ್ನು ಸೀಸೆಗೆ ಚುಚ್ಚಬೇಕು, ಕರಗಿಸಬೇಕು, ಮತ್ತೆ ಎಳೆದುಕೊಳ್ಳಬೇಕು. ಅದೂ ಎದುರಿಗೆ ಒಬ್ಬರು ಫಿಟ್ಸ್‌ನಲ್ಲಿ ಒದ್ದಾಡುತ್ತಿರುವಾಗ! ಕೈ ನಡುಗದವರು ಯಾರು? ಮೂಗಿಗೆ ಹಾಕುವ 3 ಮಿ.ಗ್ರಾಂ ಪುಡಿ ಮತ್ತು ಮೊದಲೇ ಕರಗಿಸಿಟ್ಟ ಇಂಜೆಕ್ಷನ್ ಬಂದದ್ದು 2019ರಲ್ಲಿ. ಇಷ್ಟು ತಡವಾಗಿದ್ದು ನನಗಂತೂ ಬೇಸರದ ಸಂಗತಿ. ಮೂಗಿನ ಪುಡಿಗೆ ರೋಗಿ ಉಸಿರೆಳೆದುಕೊಳ್ಳಬೇಕಾದ ಅಗತ್ಯವೂ ಇಲ್ಲ.

ಆದರೆ ಲಿವರ್‌ನಲ್ಲಿ ದಾಸ್ತಾನು ಇರಬೇಕು. ದಿನಗಟ್ಟಲೆ ಊಟ ಬಿಟ್ಟವರಿಗೆ, ತುಂಬಾ ಕುಡಿದವರಿಗೆ ಗ್ಲುಕಗಾನ್ ಸರಿಯಾಗಿ ಹತ್ತುವುದಿಲ್ಲ. ಅವರಿಗೆ ಡ್ರಿಪ್ಪೇ ಗತಿ. ವಾಂತಿಯೂ ಬರಬಹುದು, ಹಾಗಾಗಿ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರು ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು. ಗಂಟೆಗಳ ನಂತರವೂ ಅವರ ಸಕ್ಕರೆ ಮತ್ತೆ ಕುಸಿಯಬಹುದು.