ಅಂಗಡಿಗೆ ಹೋದ ಮಾಲು, ಮನೆಗೆ ಹೋದ ಮಾಲು

ಯಾವುದಾದರೂ ಗೇಮ್ ಕನ್ಸೋಲ್ (ವಿಡಿಯೋ ಗೇಮ್ ಆಡುವ ಯಂತ್ರ) ಸೋಲುತ್ತಿದೆ ಅಂದರೆ ಸಾಕು, ಆಫೀಸಿನ ಹುಡುಗರು ಅಂಕಿಗಳನ್ನು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಗೇಮ್ ಆಡುವವನಲ್ಲ. ಎಲೆಕ್ಟ್ರಾನಿಕ್ಸ್ ಡಿಸ್ಟ್ರಿಬ್ಯೂಷನ್‌ನಲ್ಲಿ ಸ್ಟಾಕ್ ಲೆಕ್ಕ ನೋಡುವವನು. ಆದರೂ ಪಂಚಾಯ್ತಿಗೆ ನಾನೇ ಬೇಕು. "ಸಾರ್, ನಿಂಟೆಂಡೊ ಕಂಪನಿಯ ವೀ ಯು ಕನ್ಸೋಲ್ ಬಂದ ಎರಡೇ ತಿಂಗಳಲ್ಲಿ 30 ಲಕ್ಷ ಮಾರಿತ್ತು. ಆಮೇಲೆ ಜನಕ್ಕೆ ಏನಾಯ್ತು?"

ಜನಕ್ಕೆ ಏನೂ ಆಗಲಿಲ್ಲ ಮಾರಾಯ. ಆ 30 ಲಕ್ಷದಲ್ಲಿ ಎಲ್ಲವನ್ನೂ ಜನ ಕೊಂಡಿರಲಿಲ್ಲ, ಅಷ್ಟೇ.

ವೀ ಯು ಬಂದದ್ದು 2012ರ ನವೆಂಬರ್‌ನಲ್ಲಿ. ಡಿಸೆಂಬರ್ ಮುಗಿಯುವಾಗ ಕಂಪನಿಯ ಲೆಕ್ಕ 30.6 ಲಕ್ಷ. ಮುಂದಿನ ಮೂರು ತಿಂಗಳು 3.9 ಲಕ್ಷ. 2013ರ ಏಪ್ರಿಲ್‌ನಿಂದ ಜೂನ್‌ವರೆಗೆ ಇಡೀ ಪ್ರಪಂಚಕ್ಕೆ ಸೇರಿ 1.6 ಲಕ್ಷ. ಇವೆಲ್ಲ ಕಂಪನಿ ವ್ಯಾಪಾರಿಗಳಿಗೆ ಕೊಟ್ಟ ಮಾಲಿನ ಲೆಕ್ಕ. ನಮ್ಮ ಕಡೆ ಇದನ್ನು ಪ್ರೈಮರಿ ಸೇಲ್ ಅಂತೀವಿ. ಗಿರಾಕಿ ದುಡ್ಡು ಕೊಟ್ಟು ಡಬ್ಬ ಎತ್ತಿಕೊಂಡು ಹೋಗುವುದು ಬೇರೆಯೇ ಲೆಕ್ಕ.

ಇನ್ನೊಂದು ಸಲ ಹೇಳುತ್ತೇನೆ, ಏಕೆಂದರೆ ಇದು ಯಾರ ತಲೆಗೂ ಹೋಗುವುದಿಲ್ಲ. ಅಂಗಡಿಯವನು ಹಬ್ಬಕ್ಕೆ 10 ಡಬ್ಬ ತರಿಸಿದ. 6 ಹೋಯಿತು. ಕಂಪನಿ 10 ಅಂತ ಬರೆದುಕೊಂಡಿತು. ಮುಂದಿನ ತಿಂಗಳು ಇನ್ನೂ 3 ಹೋಯಿತು, ಆದರೆ ಅವನು ಹೊಸ ಆರ್ಡರ್ ಹಾಕಲಿಲ್ಲ. ಕಂಪನಿ ಸೊನ್ನೆ ಅಂತ ಬರೆದುಕೊಂಡಿತು. ಅಂದರೆ ಮೊದಲ ಅಂಕಿ ನಿಜಕ್ಕಿಂತ ಚೆನ್ನಾಗಿ ಕಾಣುತ್ತೆ, ಎರಡನೆಯದು ನಿಜಕ್ಕಿಂತ ಕೆಟ್ಟದಾಗಿ ಕಾಣುತ್ತೆ. ಆ 1.6 ಲಕ್ಷದ ಮೂರು ತಿಂಗಳಲ್ಲೂ ಜನ ಅದಕ್ಕಿಂತ ಜಾಸ್ತಿಯೇ ಕೊಂಡಿರಬಹುದು. ನಿಂಟೆಂಡೊ ಸುಳ್ಳು ಹೇಳಿತು ಅಂತಲ್ಲ. ಲೆಕ್ಕ ಬರೆಯುವ ಕ್ರಮವೇ ಹಾಗೆ.

ದಾವಣಗೆರೆಯ ಡೀಲರ್ ಒಬ್ಬರ ಗೋಡೌನ್‌ನಲ್ಲಿ, ಮಾರ್ಚ್ ಎಂಡಿಂಗ್ ಟಾರ್ಗೆಟ್‌ಗೆ ಅಂತ ತಳ್ಳಿದ್ದ ಸ್ಪೀಕರ್ ಕಾರ್ಟನ್‌ಗಳನ್ನು ದೀಪಾವಳಿಯಲ್ಲಿ ನೋಡಿದ್ದೇನೆ. ಟೇಪ್ ಕೂಡ ಕಿತ್ತಿರಲಿಲ್ಲ. ಮೇಲೆ ಅವರ ಮಗನ ಕ್ರಿಕೆಟ್ ಪ್ಯಾಡ್ ಒಣಗುತ್ತಿತ್ತು. "ಇವೆಲ್ಲ ಸೇಲ್ ಆಗಿವೆಯಂತೆ ಸಾರ್, ನನಗೇ ಗೊತ್ತಿಲ್ಲ" ಅಂದರು. ಒಳ್ಳೆ ಮನುಷ್ಯ, ಬೈಯಲೂ ಇಲ್ಲ. ಕಾಫಿ ಕೊಡಿಸಿದರು.

ಹುಡುಗರ ಎರಡನೇ ಅಸ್ತ್ರ 3ಡಿಎಸ್, ನಿಂಟೆಂಡೊದ್ದೇ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್. 2011ರಲ್ಲಿ ಅದೂ ಮುಗ್ಗರಿಸಿತ್ತು, ಬೆಲೆ ಇಳಿಸಿದ ಮೇಲೆ ಎದ್ದಿತಲ್ಲ ಅಂತಾರೆ. ನಿಜ, ಕೊನೆಗೆ ಅದು 7.59 ಕೋಟಿ ಹೋಯಿತು. ಆದರೆ ಜಪಾನ್‌ನಲ್ಲಿ ಅದರ ಬೆಲೆಯನ್ನು ಆರೇ ತಿಂಗಳಲ್ಲಿ 25,000 ಯೆನ್‌ನಿಂದ 15,000ಕ್ಕೆ ಇಳಿಸಿದ್ದರು. ಆ ವರ್ಷ ಮುಗಿಯುವುದರೊಳಗೆ ಮಾರಿಯೋ ಕಾರ್ಟ್ 7 ಅನ್ನುವ ರೇಸಿಂಗ್ ಗೇಮ್ ಕೂಡ ಬಂತು. ವೀ ಯುಗೆ ಅಮೆರಿಕದಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ಇಳಿಸಿದ್ದು 350ರಿಂದ 300 ಡಾಲರ್‌ಗೆ, ಅಷ್ಟೇ. ವರ್ಷದ ಕೊನೆಯ ಮೂರು ತಿಂಗಳು 19.5 ಲಕ್ಷ ಹೋಯಿತು, ಅದರ ಮುಂದಿನ ಮೂರು ತಿಂಗಳು 3.1 ಲಕ್ಷ. ಬೇರೆ ಕಂಪನಿಗಳ ಗೇಮ್‌ಗಳೂ ಕಡಿಮೆಯಾಗುತ್ತಾ ಹೋದವು. ಆ ಹಣಕಾಸು ವರ್ಷಕ್ಕೆ 90 ಲಕ್ಷ ಅಂದುಕೊಂಡಿದ್ದ ಕಂಪನಿ, 2014ರ ಜನವರಿಯಲ್ಲಿ 28 ಲಕ್ಷ ಅಂತ ತಿದ್ದಿಕೊಂಡಿತು. ಅಧ್ಯಕ್ಷ ಸತೋರು ಇವಾಟಾ ಕೆಲವು ತಿಂಗಳು ಅರ್ಧ ಸಂಬಳ ಬಿಟ್ಟರು.

ಹಾಗಾದರೆ ಏನು ನೋಡಬೇಕು? ನಾನಾದರೆ ಹಬ್ಬದ ತಿಂಗಳುಗಳನ್ನು ಪಕ್ಕಕ್ಕಿಟ್ಟು, ಫೆಬ್ರವರಿ-ಮಾರ್ಚ್‌ನಲ್ಲಿ ಅಂಗಡಿಯವನು ಮತ್ತೆ ಆರ್ಡರ್ ಹಾಕುತ್ತಿದ್ದಾನಾ ಅಂತ ನೋಡುತ್ತೇನೆ. ಅದೂ ಒಂದು ಸುಳಿವು ಮಾತ್ರ, ಭವಿಷ್ಯ ಅಲ್ಲ. ವೀ ಯು ಒಟ್ಟು 1.36 ಕೋಟಿಗೆ ನಿಂತಿತು. ಅದಕ್ಕೆ ಬಂದಿದ್ದ ಮಾರಿಯೋ ಕಾರ್ಟ್ 8ನ್ನೇ ಕೊಂಚ ಹಿಗ್ಗಿಸಿ ನಿಂಟೆಂಡೊದ ಮುಂದಿನ ಕನ್ಸೋಲ್ ಸ್ವಿಚ್‌ಗೆ ತಂದಾಗ 6 ಕೋಟಿಗೂ ಜಾಸ್ತಿ ಮಾರಿತು. ಇದನ್ನು ಮೊದಲೇ ಹೇಳಬಲ್ಲವರು ಯಾರಿದ್ದರು?

ಈಗ ಹುಡುಗರು ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ ಹಿಡಿದುಕೊಂಡಿದ್ದಾರೆ. ಕನ್ಸೋಲ್ ಎಷ್ಟು ಹೋಯಿತು ಅಂತ ಹೇಳುವುದನ್ನು ಮೈಕ್ರೋಸಾಫ್ಟ್ 2015ರಲ್ಲೇ ನಿಲ್ಲಿಸಿದೆ. ಕಂಪನಿಯೇ ಕೊಡದ ಅಂಕಿಗೆ ಸುಮ್ನೆ ನನ್ನ ಹತ್ತಿರ ಬರಬೇಡಿ. ಕಾಫಿಗೆ ಬನ್ನಿ.